ಶಾಲೆಯ ದಾರಿಯ ಹೊಲ

ಜಪಾನಿನ ಫುಕುವೋಕಾದ ಹೊರವಲಯದ ಬಸ್ ನಿಲ್ದಾಣದಲ್ಲಿ ಗಂಡಹೆಂಡತಿ ಕೂತು ಕನ್ನಡದಲ್ಲೇ ಜಗಳಕ್ಕಿಳಿದಿದ್ದರು. ಇಲ್ಲಿ ಯಾರಿಗೆ ತಿಳಿದೀತೆಂಬ ಧೈರ್ಯ ಅವರದು. ಪಕ್ಕದ ಬೆಂಚಿನಲ್ಲಿದ್ದ ಮೈಸೂರಿನ ವೇದವಲ್ಲಿ ತರಕಾರಿ ಚೀಲವನ್ನು ಮಡಿಲಿಗೆಳೆದುಕೊಂಡು ಭಾಷೆ ತಿಳಿಯದವಳಂತೆ ಕೂತಳು.

“ಭೀಮಸೇನ, ಗಾಂಜಾ ಬೆಳೆಯೋಕೆ ನಿಂಗೆ ಮಗಳ ಸ್ಕೂಲ್ ದಾರೀನೇ ಬೇಕಿತ್ತಾ?”

“ಕೃಪಾ, ಅದು ನಾರಿನ ತಳಿ. ಸೇದಿದ್ರೆ ತಲೆನೋವು ಬರುತ್ತೆ, ಅಷ್ಟೇ. ರಿಸರ್ಚ್‌ಗೆ ಅಂತ ನಮ್ಮ ಯೂನಿವರ್ಸಿಟಿಗೆ ಲೈಸೆನ್ಸ್ ಇದೆ.”

“ಆ ಲೈಸೆನ್ಸನ್ನ ಮಗಳ ಬೆನ್ನಿಗೆ ಅಂಟಿಸಿ ಕಳಿಸ್ಲಾ?”

“ಗುಡ್ಡದ ಹಿಂದಿನ ಹೊಲಕ್ಕೆ ಬಿಸಿಲಿಲ್ಲ, ಕಳ್ಳರ ಕಾಟ ಬೇರೆ. ಇಲ್ಲಾದ್ರೆ ನಾಲ್ಕು ಜನರ ಕಣ್ಣಿರುತ್ತೆ.”

“ಕಣ್ಣು ನಿನ್ನ ಗಿಡದ ಮೇಲಿರಲ್ಲ, ಮಗಳ ಮೇಲಿರುತ್ತೆ. ನಾಳೆ ಯಾರು ಅವಳ ಜೊತೆ ಆಡ್ತಾರೆ?”

“ಅದಕ್ಕೇ ಅಲ್ವಾ ಈಗ ಸ್ವೀಟ್ ಬಾಕ್ಸ್ ಹಿಡ್ಕೊಂಡು ಹೊಲದ ಅಕ್ಕಪಕ್ಕದ ಮನೆಗಳಿಗೆ ಹೇಳಿಬರೋಕೆ ಹೊರಟಿರೋದು? ಇಲ್ಲಿನ ಪದ್ಧತಿ ಅದೇ.”

“ಹೊಲ ಆರಿಸೋಕೆ ನೀನು, ಬಗ್ಗಿ ಬಗ್ಗಿ ಸುಮಿಮಾಸೆನ್, ಕ್ಷಮಿಸಿ ಅನ್ನೋಕೆ ನಾನು!”

“ನಂಗೆ ಜಪಾನೀಸ್ ಬರಲ್ವಲ್ಲೇ.”

“ಸರಿ, ಮಾತು ನಿಂದು. ನಾನು ಬರೀ ಟ್ರಾನ್ಸ್‌ಲೇಟ್ ಮಾಡ್ತೀನಿ. ‘ನಿಮ್ಮ ಮಗಳನ್ನ ಆ ದಾರೀಲಿ ಕಳಿಸ್ತೀರಾ’ ಅಂತ ಕೇಳಿದ್ರೆ ಏನಂತೀಯ?”

“ಕಳಿಸ್ತೀವಿ ಅನ್ನು.”

“‘ಇವನು ಕಳಿಸ್ತಾನೆ, ನಾನು ಕಳಿಸಲ್ಲ’ ಅಂತೀನಿ. ಏಳು, ಬಸ್ ಬಂತು.”

ಇಬ್ಬರೂ ಹತ್ತಿದರು. ಕೃಪಾ ಕಿಟಕಿಯ ಪಕ್ಕದ ಒಂಟಿ ಸೀಟು ಹಿಡಿದಳು. ಬಸ್ಸು ಮುಕ್ಕಾಲು ಖಾಲಿಯಿದ್ದರೂ ಭೀಮಸೇನ ಅವಳ ಪಕ್ಕದಲ್ಲಿ ಡಬ್ಬಿಗಳನ್ನು ಅಪ್ಪಿಕೊಂಡು ನಿಂತೇ ಹೋದ.