ಎಂಟನೇ ಮನೆಯ ಬೆಲ್

ಜಪಾನಿನ ಅಕಿತಾದಲ್ಲಿ ಮನೋರೋಗ ಆಸ್ಪತ್ರೆಯೆದುರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ನರ್ಸು, ಚೀಲದ ತುಂಬ ಹೊಸ ಟವೆಲ್ ಇಟ್ಟುಕೊಂಡ ಒಬ್ಬ ಮುದುಕ.

“ಕುವಬಾರಾ ಅವರೇ, ಇಪ್ಪತ್ತಾರು ವರ್ಷ ಆದ್ಮೇಲೆ ಹೊರಗೆ ಬಂದ್ರಿ. ಹೊಸಬರು ಕೊಡೋ ಪದ್ಧತಿ ಹಾಗೆ, ಹೊಸ ಮನೆಯ ಅಕ್ಕಪಕ್ಕದವರಿಗೆ ಟವೆಲ್ ಕೊಟ್ಟು ಬಂದ್ರಾ?”

“ಹೋಗಿದ್ದೆ, ನಿಶಿಯೊ ಸಿಸ್ಟರ್. ಏಳು ಮನೆ.”

“ಕಲಿಸಿದ ಹಾಗೇ?”

“ಹಾಗೇ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಂತೆ. ಹೆಸರು ಹೇಳ್ದೆ, ಯಾವ ಮನೆಗೆ ವಾಸಕ್ಕೆ ಬಂದಿದೀನಿ ಅಂತಾನೂ ಹೇಳ್ದೆ.”

“ಆಮೇಲೆ?”

“ಒಳಗೆ ಟೀವಿ ಸದ್ದು ನಿಂತುಹೋಯ್ತು.”

“ಯಾರೂ ಬಾಗಿಲು ತೆಗೀಲಿಲ್ವಾ?”

“ಇಲ್ಲ. ಆಸ್ಪತ್ರೆ ಪಾಠದಲ್ಲಿ ನೀವು ಪಕ್ಕದ ಮನೆಯವರ ಪಾತ್ರ ಮಾಡಿ ಒಂದೇ ಬೆಲ್ಲಿಗೆ ಬಾಗಿಲು ತೆಗೀತಿದ್ರಿ. ಮೂರು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ.”

“ಪಾಠದ ಪುಸ್ತಕದಲ್ಲಿ ಇರೋದೇ ಹಾಗೆ.”

“ಬರೆದವರ ಮನೆ ಯಾವ ಬೀದೀಲಿದೆಯೋ.”

ಆಕೆ ನಕ್ಕಳು. ಅವನು ನಗಲಿಲ್ಲ.

“ಎಂಟನೇ ಮನೆ ಗೇಟಿನ ಮೇಲೆ ನಿಮ್ಮ ಹೆಸರಿತ್ತು, ಸಿಸ್ಟರ್. ಬೆಲ್ ಒತ್ತಲಿಲ್ಲ.”

“ಯಾಕೆ?”

“ನೀವೂ ತೆಗೀದೇ ಇದ್ರೆ ಅಂತ.”

ಆಕೆ ಕೈಗಡಿಯಾರ ನೋಡಿಕೊಂಡಳು.

“ಒತ್ತದೇ ಇದ್ದಿದ್ದು ಒಳ್ಳೇದೇ ಆಯ್ತು ಬಿಡಿ. ಮನೇಲಿ ಅತ್ತೆ ಇದಾರೆ, ಹೆದರ್ಕೋತಾರೆ. ನಮ್ಮನೇದು ಇಲ್ಲೇ ಕೊಟ್ಬಿಡಿ.”

ಬಸ್ಸು ಬಂತು. ಅವನು ಎರಡೂ ಕೈಯಲ್ಲಿ ಒಂದು ಟವೆಲ್ ಕೊಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಬಗ್ಗಿಸಿ, ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿದ:

“ಈ ಬೀದಿಗೆ ಹೊಸಬ. ಕೆಲಸದ ಮಧ್ಯೆ ಬಾಗಿಲು ತೆಗೆಸಿ ತೊಂದರೆ ಕೊಟ್ಟೆ, ಕ್ಷಮಿಸಿ.”

ಮಿಕ್ಕ ಏಳು ಟವೆಲ್ ಎತ್ತಿಕೊಂಡು ಬಸ್ ಹತ್ತಿದ.