ಮೂರನೆಯ ಪಿನ್ನು

ಗಾಳಿಯಲ್ಲಿ ಹಾರಬೇಕಿದ್ದ ವಿಮಾನಕ್ಕೇ ಗಾಳಿ ಮೆಟ್ಟಿಕೊಂಡಿದೆ ಎಂದು ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಯಾರೋ ಹೇಳಿದಾಗ ನಾನು ಜೋರಾಗಿ ನಕ್ಕಿದ್ದೆ.

ಅದು ಕೊಟ್ಟೂರು ರಸ್ತೆಯ ವಸ್ತುಸಂಗ್ರಹಾಲಯ. ಅದಿರಿನ ವ್ಯಾಪಾರದ ಕ್ರಾಂತಿಕುಮಾರ್ ಎಂಬವರು ಕಟ್ಟಿಸಿದ್ದು. ಉದ್ದನೆಯ ಶೆಡ್ಡಿನಲ್ಲಿ ಹಳೆಯ ಕಾರುಗಳು: ಗೂಬೆಗಣ್ಣಿನ ಆಸ್ಟಿನ್, ಮದುಮಗಳಂತೆ ಮಿರುಗುವ ಪ್ಲಿಮತ್, ಯುದ್ಧಕ್ಕೆ ಹೋಗಿಬಂದ ಜೀಪು. ಹೊರಗೆ ಬಯಲಲ್ಲಿ ವಾಯುಪಡೆ ಕೈಬಿಟ್ಟ ಒಂದು ಯುದ್ಧವಿಮಾನ. ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುವ ನಾವು ಮೂವರು, ನಾನು, ತಿಪ್ಪೇಶ, ಸಂಗೀತಾ, ಒಂದು ಭಾನುವಾರ ನಾಲ್ಕೂವರೆಗೆ ಅಲ್ಲಿ ತಲುಪುತ್ತಲೇ ಮಳೆ ಹಿಡಿಯಿತು. ಶೆಡ್ಡಿಗೆ ಓಡಿದರೆ ಬಾಗಿಲಲ್ಲಿದ್ದವನು, "ತೊಯ್ಸಿಕೊಂಡು ಒಳಗ ಬರಬ್ಯಾಡ್ರಿ, ಕಾರಿಗೆ ನೀರು ಸಿಡೀತಾವ" ಎಂದು ಕದ ಎಳೆದುಕೊಂಡ. ಕಾರಿಗೆ ಸೂರು, ಮನುಷ್ಯರಿಗೆ ರೆಕ್ಕೆ! ವಿಮಾನದ ರೆಕ್ಕೆಯ ಕೆಳಗೆ ನಿಂತೆವು. ಅಲ್ಲೇ ಸ್ಟೂಲಿನ ಮೇಲೆ ಕಾವಲಿನ ಮುದುಕ ನಾಗೇಂದ್ರಪ್ಪ ಕೂತಿದ್ದ.

ಟಿಕೆಟ್ಟಿನ ಜೊತೆ ಒಂದೊಂದು ಕೆಂಪು ಅರಿವೆಯ ತುಂಡು ಕೊಟ್ಟಿದ್ದರು. ಬೇಡಿಕೊಂಡು ವಿಮಾನಕ್ಕೆ ಕಟ್ಟಿದರೆ ಹರಕೆ ಫಲಿಸುತ್ತದಂತೆ. ವಿಮಾನದ ಹೊಟ್ಟೆಯಡಿ ಅಂಥವು ನೂರಾರು ತೂಗುತ್ತಿದ್ದವು. ಸಂಗೀತಾ ತನ್ನದನ್ನು ಗಾಲಿಯ ಮೇಲಿನ ಕಾಲಿಗೆ ಕಟ್ಟಲು ಬಗ್ಗಿದಳು.

"ಮುಟ್ಟಬ್ಯಾಡವಾ!" ಮುದುಕ ಚೀರಿದ.

ನಾನು ಸುಮ್ಮನಿರಬೇಕಲ್ಲ? ಪ್ರಿನ್ಸಿಪಾಲರ ಕೆಮ್ಮಿನಿಂದ ಬಸ್ಸಿನ ಹಾರನ್ನಿನವರೆಗೆ ಎಲ್ಲವನ್ನೂ ಅಣಕಿಸುವುದು ನನ್ನ ಚಟ. ಅದೇ ದನಿ ತೆಗೆದು "ಮುಟ್ಟಬ್ಯಾಡವಾ!" ಎಂದೆ. ತಿಪ್ಪೇಶ ನಕ್ಕ. ಮುದುಕ ನಗಲಿಲ್ಲ.

"ಚಲೋ ತಗೀತೀರಿ ದನಿ. ಐದೂವರಿಗೆ ಇಲ್ಲಿ ಇನ್ನೊಂದು ಕೇಳಸ್ತೈತಿ, ಅದನ್ನ ತಗದು ತೋರಸ್ರಿ ನೋಡೋಣು. ಕುಂದರ್ರಿ. ಮಳಿ ಬಿಡೂದಿಲ್ಲ, ನಾನೂ ಇವತ್ತ ನಿಮ್ಮನ್ನ ಬಿಡೂದಿಲ್ಲ.

"ಹನ್ನೊಂದು ವರ್ಷದ ಹಿಂದ ಈ ಸ್ಟೂಲಿನ ಮ್ಯಾಲ ನೀಲಗುಂದದ ಜಂಬುನಾಥ ಕುಂದರ್ತಿದ್ದ. ಇಪ್ಪತ್ತು ವರ್ಷ ವಾಯುಪಡಿಯಾಗ ವಿಮಾನ ರಿಪೇರಿ ಮಾಡಿ ಬಂದಾವ. ನಂದು ಆಗ ಗೇಟಿನ ಮುಂದ ಮಂಡಕ್ಕಿ ಮಿರ್ಚಿ ಅಂಗಡಿ. ಅವ ದಿನಾ ಸಂಜಿ ಐದೂವರಿಗೆ, ಗೇಟ್ ಮುಚ್ಚೂ ಹೊತ್ತಿಗೆ, ಇದರ ಹೊಟ್ಟಿ ಕೆಳಗ ನುಸುಳಿ, ಮುಂದಿನ ಕಾಲು, ಎಡಗಾಲು, ಬಲಗಾಲು, ಕೈಲೆ ಮುಟ್ಟಿ ಮುಟ್ಟಿ ಎಣಸ್ತಿದ್ದ... ಒಂದು... ಎರಡು... ಮೂರು. ಎಲ್ಲಾ ಭದ್ರ! ಫೌಜಿನವರ ಪೂಜಿ ಇದು ಅಂತ ನಾ ತಿಳಕೊಂಡಿದ್ದೆ. ಪೂಜಿ ಅಲ್ಲರೀ ಅದು! ಹಾರಿದ ಮ್ಯಾಲ ಇದರ ಕಾಲು ಮಡಚಿಕೊಂತಾವಲ್ಲ, ನೆಲದ ಮ್ಯಾಲಿದ್ದಾಗ ಮಡಚಬಾರದು ಅಂತ ಕಾಲಿಗೊಂದು ಕಬ್ಬಿಣದ ಪಿನ್ನು, ಕಣ್ಣಿಗೆ ಕಾಣ್ಲಿ ಅಂತ ಪಿನ್ನಿಗೊಂದು ಕೆಂಪು ಪಟ್ಟಿ, ಪಟ್ಟಿ ಮ್ಯಾಲ ಬಿಳೇ ಇಂಗ್ಲಿಷ್ ಅಕ್ಷರ. ಈಗ ಹೇಳ್ರಿ, ಓದಿದೋರು ನೀವು... ಕುರಿ ಕಾಯೋ ಮಂದಿ, ಹೊಲಕ್ಕ ಹೋಗೋ ಹೆಣ್ಮಕ್ಕಳು, ಕಬ್ಬಿಣದ ಗರುಡನ ಕಾಲಿಗೆ ಕೆಂಪು ಅರಿವಿ ಜೋತಾಡೋದು ನೋಡಿದ್ರ ಏನು ತಿಳಕೊಂತಾರ? ಹರಕಿ ಅಂತ ತಿಳಕೊಂಡ್ರು! ತೆಲಿಗಿ ಊರಿನ ಹೆಣ್ಮಗಳೊಬ್ಬಾಕಿ ತನ್ನದೂ ಒಂದು ಕಟ್ಟಿದ್ಲು, ಆಮ್ಯಾಲ ಸಾಲು ಹತ್ತಿತು. ಕೆಲಸ ಆತಂದ್ರ ಬಂದು ಬಿಚ್ಚಿಕೊಂಡು ಹೋಗೋದು.

"ಜಂಬಣ್ಣ ಹರದು ಹರದು ಒಗೀತಿದ್ದ, ಬಾಯಿಗೆ ಬಂದಂಗ ಬಯ್ತಿದ್ದ. 'ಸಾಹೇಬ್ರ, ಕನ್ನಡದಾಗ ಒಂದು ಬೋರ್ಡ್ ಹಾಕಸ್ರಿ, ಪಿನ್ನು ಕಿತ್ರ ಜೀವ ಹೋಗ್ತೈತಿ' ಅಂತ ಕ್ರಾಂತಿಕುಮಾರ್ ಸಾಹೇಬ್ರಿಗೆ ಕೈ ಮುಗದ. ಹಾಕಿಸಿದ್ರು ನೋಡ್ರಿ ಬೋರ್ಡು... ಅಕಾ, ಅಲ್ಲೈತಿ, ಮನಿಯಷ್ಟು ದೊಡ್ಡದು. ಅವರದ ಫೋಟೋ, ಅವರದ ಹೆಸರು! ಇನ್ನೊಂದು ಅರಿವಿ ಹರದ್ರ ಕೆಲಸ ಬಿಡಿಸ್ತೀನಿ ಅಂದ್ರು. ಮಂದಿ ಬರ್ಲಿ ಅಂತ ಟಿಕೆಟ್ ಜೋಡಿ ಅರಿವಿ ಕೊಡಾಕ ಹತ್ತಿದ್ರು."

ಮುದುಕ ಮಳೆಗೆ ಕ್ಯಾಕರಿಸಿ ಉಗುಳಿದ.

"ನಾನೂ ಕಟ್ಟಿದ್ದೆ. ಮಗಳು ಮಾಲಾಳಿಗೆ ನರ್ಸ್ ನೌಕರಿ ಆಗ್ಲಿ ಅಂತ. ಆತು! ಆರ್ಡರ್ ಬಂದ ದಿನ ಓಡಿಬಂದೆ ಬಿಚ್ಚಾಕ. ಜಂಬಣ್ಣ ಊಟಕ್ಕ ಹೋಗಿದ್ದ. ಮಳಿ ಬಿಸಲಿಗೆ ಎಲ್ಲಾ ಒಂದ ಬಣ್ಣ... ಯಾವುದು ನಂದು? ಗಟ್ಟಿಮುಟ್ಟಾದ್ದೊಂದು ಕೈಗೆ ಸಿಕ್ತು. ಗಂಟು ಕಾಣ್ಲಿಲ್ಲ, ಜಗ್ಗಿದೆ... ಅರಿವಿ ಜೋಡಿ ಕಬ್ಬಿಣನೂ ಬಂತು. ದೇವರು ಕೊಟ್ಟ ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ಮನಿ ಬಾಗಲಿಗೆ ಕಟ್ಟಿದೆನ್ರೀ!

"ಅವತ್ತ ಸಾಹೇಬ್ರ ಹುಟ್ಟಿದಬ್ಬ. ಪೈಲಟ್ ಕುಂದ್ರೂ ಜಾಗದಾಗ ಕುಂತು ಫೋಟೋ ತಗಸಬೇಕು, ಸಂಜಿ ಬಿಸಲು ಮಾರಿಗೆ ಬೀಳಬೇಕು, ಅದಕ್ಕ ವಿಮಾನ ತಿರುಗಸಾಕ ಟ್ರ್ಯಾಕ್ಟರ್ ಹೂಡಿದ್ರು. 'ಎಣಸೂತನಕ ತಡೀರಿ' ಅಂತ ಜಂಬಣ್ಣ ಕೆಳಗ ನುಸುಳಿದ. ಒಂದು... ಎರಡು... ಆ ಅರಿವಿ ರಾಶಿಯಾಗ ಮೂರನೇದನ್ನ ತಡಕಾಡಾಕ ಹತ್ಯಾನ... ಆ ಪ್ಲಿಮತ್ ಕಾರಿನಾಗ ಕುಂತು ಸಾಹೇಬ್ರು ಏನಂದ್ರು ಗೊತ್ತೇನ್ರಿ? 'ಎಣಿಸಿದ್ದು ಸಾಕು, ಎಳೀರಲೇ' ಅಂದ್ರು. ಗೇಟಿನಾಗ ನಿಂತು ಈ ಕಿವಿಲೆ ಕೇಳೀನಿ. ಎಳದ್ರು. ಕಾಲು ಮಡಚಿತು, ಜಂಬಣ್ಣ ಕೆಳಗ.

"ಪೊಲೀಸ್ ಕಾಗದದಾಗ ಏನು ಬರಸಿದ್ರು? ಕುಡದು ಕೆಳಗ ಮಲಗಿದ್ದ ಅಂತ! ಚಾ ಬಿಟ್ರ ಇನ್ನೊಂದು ಮುಟ್ಟದಾವ್ರೀ ಅವ! ಕಂಡೋರೆಲ್ಲಾ ಸಾಹೇಬ್ರ ಅನ್ನ ಉಣ್ಣೋರು, ಹೂಂ ಅಂದ್ರು. ಅವನ ಹೆಂಡ್ತಿ ಗಾದೆಮ್ಮ ನನ್ನ ಅಂಗಡಿ ಮುಂದ ಬಂದು ನಿಂತು, 'ಅಣ್ಣಾ, ದಿನಾ ನೋಡಾವ ನೀನು, ನನ್ನ ಗಂಡ ಕುಡದಿದ್ನೇನು?' ಅಂದ್ಲು. ಬಾಗಲಾಗ ತೂಗೋ ಪಿನ್ನು ಕಣ್ಣ ಮುಂದ ಬಂತು, ಮಗಳ ನೌಕರಿ ಬಂತು... 'ಗೊತ್ತಿಲ್ಲವ್ವಾ' ಅಂದೆ. ಪಿನ್ನು ಕಿತ್ತಿದ್ದು ತಪ್ಪು, ತಿಳೀದ ಮಾಡಿದ್ದು. ಗೊತ್ತಿಲ್ಲ ಅಂದೆನಲ್ಲ... ಅದನ್ನ ತಿಳದು ಅಂದೀನಿ.

"ಆಮ್ಯಾಲ ಕಾಲು ವೆಲ್ಡ್ ಮಾಡಿಸಿ ಮತ್ತ ನಿಲ್ಲಿಸಿದ್ರು. ಕಾಯಾಕ ಯಾರೂ ಉಳೀವಲ್ರು. ಐದೂವರಿ ಆತಂದ್ರ ಎಣಸೂ ದನಿ... ಒಂದು... ಎರಡು... ಆಮ್ಯಾಲ ಕಬ್ಬಿಣಕ್ಕ ದಬಾರಂತ ಕೈಲೆ ಬಡಿಯೋದು. ಅಂಗಡಿ ಮುಚ್ಚಿ ನಾನ ಬಂದು ಕುಂತೆ. ಹನ್ನೊಂದು ವರ್ಷದಾಗ ಅವ ಒಂದಿನಾನೂ ಮೂರು ಅಂದಿಲ್ಲ."

ಸೊಂಟದಿಂದ ಮುದುಕ ಏನನ್ನೋ ಹೊರತೆಗೆದ. ತುಕ್ಕು ಹಿಡಿದ ಪಿನ್ನು, ಬಣ್ಣಗೆಟ್ಟ ಪಟ್ಟಿ.

"ಒಂದು..."

"ಸಾಕು ಮಾಡ್ರಿ ಸರ್, ಚಂದ ಕಾಣಂಗಿಲ್ಲ" ಎಂದು ಸಂಗೀತಾ ನನ್ನ ಕಡೆ ಕಣ್ಣು ಕೆಕ್ಕರಿಸಿದಳು. ನನ್ನ ಬಾಯಿ ಮುಚ್ಚಿತ್ತು.

"ಎರಡು..."

ದನಿ ನಮ್ಮ ಬೆನ್ನ ಹಿಂದಿನ ಗಾಲಿಯ ಹತ್ತಿರದಿಂದ ಬಂತು. ಊರ ದನಿಯನ್ನೆಲ್ಲ ಅಣಕಿಸುವ ನನಗೆ ಅದೊಂದನ್ನು ತೆಗೆಯಲು ಬರುವುದಿಲ್ಲ. ಅಷ್ಟು ಸಿಟ್ಟು ನನ್ನ ಗಂಟಲಿಗೆ ಹಿಡಿಸುವುದಿಲ್ಲ.

ಮುದುಕ ಎದ್ದು ನಿಂತು ಪಿನ್ನನ್ನು ಎತ್ತಿ ಹಿಡಿದ. "ಜಂಬಣ್ಣಾ! ಮೂರನೇದು ನನ್ನ ಕೈಯಾಗೈತೋ! ನಾನ ಕಿತ್ತಿದ್ದು! ನೀ ಕುಡದಿದ್ದಿಲ್ಲ. ಇವರು ಮೂರೂ ಮಂದಿ ಕೇಳ್ಯಾರ!"

ನಾವು ಕಿವಿಗೊಟ್ಟು ಕಾದೆವು. ಕಬ್ಬಿಣಕ್ಕೆ ಬಡಿದ ಸದ್ದು ಬರಲಿಲ್ಲ. ಗಾಳಿ ಇರಲಿಲ್ಲ, ಆದರೂ ಹೊಟ್ಟೆಯಡಿಯ ನೂರಾರು ಅರಿವೆಗಳು ಯಾರೋ ನಡುವೆ ಹಾದುಹೋದಂತೆ ಒಂದೊಂದಾಗಿ ಸರಿದು ತೂಗಿದವು.

"ಬಡೀಲಿಲ್ಲ... ನೋಡಿದ್ರ್ಯಾ? ನನ್ನ ಮ್ಯಾಲಿನ ಸಿಟ್ಟು ಇಳೀತು" ಎಂದ ಮುದುಕ, ಪಿನ್ನನ್ನು ಟವೆಲ್ಲಿನಲ್ಲಿ ಸುತ್ತುತ್ತ. "ಈಗಿನ ಬಸ್ಸಿಗೆ ನೀಲಗುಂದಕ್ಕ ಹೊಂಟೀನಿ. ಗಾದೆಮ್ಮನ ಕೈಯಾಗ ಇದನ್ನಿಟ್ಟು ಹೇಳಬೇಕು. ಆದ್ರ ಇನ್ನೊಬ್ಬರ ಮ್ಯಾಲಿಂದು ಹಂಗ ಉಳದೈತಿ. ನಾಳಿ ಸಾಹೇಬ್ರ ಹುಟ್ಟಿದಬ್ಬ... ವರ್ಷಾ ಬಂದಂಗ ಸಂಜಿಗೆ ಬಂದು ಮ್ಯಾಲ ಕುಂದರ್ತಾರ, ಫೋಟೋ ತಗಸ್ತಾರ. ಜಂಬಣ್ಣ ನಾಳಿ ಮೂರು ಅಂತಾನ, ವೆಲ್ಡ್ ಇದ್ರೂ ಕಾಲು ಮತ್ತ ಮಡಚತೈತಿ."

"ಅಜ್ಜಾ, ಅವರಿಗೆ ಹೇಳೂದಿಲ್ಲೇನು?" ತಿಪ್ಪೇಶ ಕೇಳಿದ.

ಮುದುಕ ಮಳೆಗೆ ಇಳಿದು ಗೇಟಿನ ಕಡೆ ನಡೆದವನು ತಿರುಗಿ ನೋಡಿದ.

"ಯಾರಾರ ಕೇಳಿದ್ರ ಗೊತ್ತಿಲ್ಲ ಅಂತೀನಿ. ನನಗದು ರೂಢಿ ಐತಿ."