ಇಂಗ್ಲಿಷಿಗೆ ಒಂದೇ ಜಾಗ

...ಸಾಕು ಲೋಲಾಕ್ಷಿ, ಸಾಕು ಮಾರಾಯ್ತಿ, ಇನ್ನು ನನ್ನಿಂದ ಆಗುದಿಲ್ಲ. ಬೆಳಗ್ಗಿನಿಂದ ನಿಂತು ನಿಂತು ಕಾಲು ಹೋಯ್ತು. ಈ ಸೌಟು ಹಿಡಿದು "ವಾಟ್ ಈಸ್ ದಿಸ್, ವಾಟ್ ಈಸ್ ದಿಸ್" ಅಂತ ಹೇಳಿ ಹೇಳಿ ಗಂಟಲು ಬೇರೆ... ನಗುದು ಎಂತಕ್ಕೆ? ಓ, ನಗು ನಗು. ಸೋಮವಾರ ಕಡಬದ ಶಾಲೆಯಲ್ಲಿ ನಲ್ವತ್ತು ಮಕ್ಕಳು ಹೇಗೂ ನಗ್ತಾರೆ. ಅದಕ್ಕೆ ಮೊದಲು ನೀನು ನಕ್ಕು ಮುಗಿಸು.

ಅದರ ಮೇಲೆ ಈ ಕನ್ನಡ ಒಂದು! ನಾನೇ ಹೇಳಿದ್ದು, ಹೌದು, ಕ್ಲಾಸಿನಲ್ಲಿ ನಮ್ಮ ಮನೆಮಾತು ಅರೆಭಾಷೆ ಬಾಯಿಗೆ ಬರಬಾರ್ದು, ನಾನು ಕಡಬಕ್ಕೆ ಹೊರಡುವವರೆಗೆ ನಾವಿಬ್ರೂ ಕನ್ನಡದಲ್ಲಿಯೇ ಮಾತಾಡುವ ಅಂತ. ಈಗ ನಿನ್ನನ್ನು ಬೈಬೇಕಾದ್ರೂ ಕನ್ನಡದಲ್ಲಿ ಯೋಚನೆ ಮಾಡ್ಬೇಕು.

ಟ್ರೈನಿಂಗಿನಲ್ಲಿ ಎಷ್ಟು ಸುಲಭ ಕಾಣ್ತಿತ್ತು ಅಲ್ವಾ? ವಸ್ತು ತೋರಿಸು, ಹೆಸರು ಹೇಳು, ಅರ್ಥ ಹೇಳ್ಬಾರ್ದು. ಈ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮಲೆಯಾಳ... ಕನ್ನಡವೇ ಅವಕ್ಕೆ ಶಾಲೆಗೆ ಬಂದ ಮೇಲೆ. ಪುಸ್ತಕ ನೋಡಿದ್ರೆ ಮದ್ರಾಸು ಸರಕಾರದವರು ಬಿಟ್ಟು ಹೋದದ್ದೇ ಇನ್ನೂ! ಒಬ್ಬ ಎದ್ದು ನಿಂತು ತರಕಾರಿ ಕೊರೆಯುವ ಮೆಟ್ಟುಕತ್ತಿಗೆ ಇಂಗ್ಲಿಷಿನಲ್ಲಿ ಎಂತ ಹೇಳುದು ಟೀಚರೇ ಅಂತ ಕೇಳಿದ್ರೆ? ಏನು ಹೇಳ್ಲಿ?... ಎಂತ? ಹೆಸರಿಲ್ವಾ? ಓ... ಇಂಗ್ಲಿಷಿನವರ ಅಡುಗೆಮನೆಯಲ್ಲಿ ಅದೇ ಇಲ್ಲ! ಹಾಗೇ ಹೇಳಿಬಿಡುದು! ನೋಡು, ನಂಗೆ ಇದು ಹೊಳಿಲೇ ಇಲ್ಲ. ನೀನು ಕೂತಲ್ಲಿಂದಲೇ...

ಇಲ್ಲ, ಎಂತ ಇಲ್ಲ. ಸುಸ್ತು.

ಅವ್ವ ಸುಳ್ಯ ಪೇಟೆಗೆ ಹೋದವಳು ಕಂಡಕಂಡವರಿಗೆಲ್ಲ ಹೇಳಿ ಬಂದಿದ್ದಾಳೆ, ನಮ್ಮ ದಮಯಂತಿ ಟೀಚರಾದಳು ಅಂತ. ಅಪ್ಪ ಅರಂತೋಡಿನ ಭಾವನಿಗೆ ಕಾಗದ ಬರೆದದ್ದೂ ಆಯ್ತು. ನಂಗೆ ಮಾತ್ರ... ನಂಗೆ ಖುಷಿಯೇ ಇಲ್ಲ ಲೋಲಾಕ್ಷಿ. ಊಟ ಸೇರುದಿಲ್ಲ. ಹೆದರಿಕೆ, ನಾಲ್ಕು ದಿವಸದಲ್ಲಿ ಹೋಗ್ತದೆ ಅಂತ ಅವ್ವ ಹೇಳ್ತಾಳೆ. ಹೆದರಿಕೆಯೇ ಇರ್ಬೇಕು.

ಏ, ಅದೆಂತ ನನ್ನ ಟ್ರಂಕಿಗೆ ಹಾಕುದು? ನಿನ್ನ ಪಾಠದ ನೋಟುಪುಸ್ತಕವಾ? ಬೇಡ, ಬೇಡ! ತೆಗಿ ಹೊರಗೆ! ಎರಡು ವರ್ಷ ಹಾಸ್ಟೆಲಿನಲ್ಲಿ ಕೂತು ಬರೆದದ್ದು. ನಾವೆಲ್ಲ ಹೊಳೆ ಬದಿಗೆ ತಿರುಗಾಡ್ಲಿಕ್ಕೆ ಹೋದಾಗಲೂ ನೀನು ಬರೀತಾ ಇದ್ದದ್ದು. ನಿಂಗೇ ಬೇಕಾಗ್ತದೆ. ಈ ಸಲ ಸಂದರ್ಶನಕ್ಕೆ ಕಾರ್ಡು ಬರ್ಲಿಲ್ಲ ಅಂತ ಎಂತ ಆಯ್ತು? ಮುಂದಿನ ವರ್ಷ ಕರೀತಾರೆ, ಅರ್ಜಿ ಹಾಕು. ನೀನು ಬರೆದು ಕೊಡು ಸಾಕು, ನಾನೇ ಪುತ್ತೂರಿನ ಆಫೀಸಿಗೆ ತಕ್ಕೊಂಡು ಹೋಗಿ ಕೊಡ್ತೇನೆ...

ಎಂತ ಹಾಗೆ ನೋಡುದು?

ಈ ಸಲವೂ ಕೊಟ್ಟಿದ್ದೇನಲ್ಲ! ನಿನ್ನ ಅಜ್ಜಿ ತೀರಿಕೊಂಡದ್ದು, ಉತ್ತರಕ್ರಿಯೆ, ಬೊಜ್ಜ ಮುಗಿಯದೆ ಸೂತಕದ ಮನೆಯವರು ಎಲ್ಲಿಗೂ ಹೋಗ್ಲಿಕ್ಕಿಲ್ಲ ಅಂತ ನಿನ್ನ ದೊಡ್ಡಪ್ಪ ಹಟ ಹಿಡಿದದ್ದು, ಅರ್ಜಿಯ ಕಡೇ ತಾರೀಕು ಸರಿಯಾಗಿ ಅದರ ಮಧ್ಯವೇ ಬಂದದ್ದು. ಅದು ನನ್ನ ತಪ್ಪಾ? ನೀನು ಬೇಲಿಯ ಹತ್ರ ಬಂದು ಲಕೋಟೆಯನ್ನು ನೆಲದಲ್ಲಿ ಇಟ್ಟು ದೂರ ಸರಿದು ನಿಂತೆ. ನಾನು ಹೆಕ್ಕಿಕೊಂಡೆ. ಬಸ್ಸಿನಲ್ಲಿ ಹೋಗಿ ಆಫೀಸಿನಲ್ಲಿ ಗುಮಾಸ್ತರ ಕೈಗೇ ಕೊಟ್ಟೆ, ಎರಡನ್ನೂ. ಆಮೇಲೆ ಅವರು ಎಲ್ಲಿ ಹಾಕಿದ್ರೋ...

ಹೌದು, ಗುಮಾಸ್ತರ ಕೈಗೆ.

...ಅಂಚೆ ಡಬ್ಬಿಗೆ ಹಾಕಿದೆ ಅಂತ ಹೇಳಿದ್ದೆನಾ? ನಾನಾ? ಯಾವಾಗ?... ಹೇಳಿರ್ಬಹುದು. ಅವತ್ತು ಬಿಸಿಲು, ತಲೆನೋವು... ಡಬ್ಬಿಗೆ ಹಾಕಿದ್ದೋ, ಕೈಗೆ ಕೊಟ್ಟದ್ದೋ... ಎಲ್ಲಾ ಒಂದೇ ಅಲ್ವಾ?

ಮಾತಾಡು ಮಾರಾಯ್ತಿ. ಕೇಳು, ಎಂತ ಬೇಕಾದ್ರೂ ಕೇಳು.

...

ನಾನು ಎರಡನ್ನೂ ಒಂದೇ ಚೀಲದಲ್ಲಿ ಇಡ್ಲಿಲ್ಲ. ಸೂತಕದ ಮನೆಯ ಕಾಗದ ನನ್ನ ಅರ್ಜಿಗೆ ತಾಗಬಾರ್ದು ಅಂತ ನಿಂದನ್ನು ಕೊಡೆಯ ಮಡಿಕೆಯಲ್ಲಿ ಸಿಕ್ಕಿಸಿದ್ದೆ. ನಗ್ಬೇಡ... ನಗುದಿಲ್ವಾ? ಟ್ರೈನಿಂಗ್ ಆದವಳು, ಮಕ್ಕಳಿಗೆ ಬುದ್ಧಿ ಹೇಳ್ಲಿಕ್ಕೆ ಹೊರಟವಳು, ಹೀಗೆ! ಮೊದಲು ನಂದು ಕೊಡುವ, ಆಮೇಲೆ ನಿಂದು ಅಂತ ಇತ್ತು ಮನಸ್ಸಿನಲ್ಲಿ. ಸತ್ಯ ಇತ್ತು. ನಂದು ಕೊಟ್ಟೆ. ಗುಮಾಸ್ತರು ತಿರುಗಿಸಿ ಮುರುಗಿಸಿ ನೋಡಿ, ಕಡಬದಲ್ಲಿ ಇಂಗ್ಲಿಷಿಗೆ ಒಂದೇ ಜಾಗ ಉಂಟು, ಟ್ರೈನಿಂಗ್ ಆದವರು ಬೇರೆ ಯಾರೂ ಅರ್ಜಿ ಹಾಕ್ಲಿಲ್ಲ, ನಿಮಗೇ ಆಗ್ಬಹುದು ಅಂದ್ರು.

ಕೈ ಕೊಡೆಗೆ ಹೋಗಿತ್ತು ಲೋಲಾಕ್ಷಿ. ಹೋದದ್ದು ಹಾಗೆಯೇ ನಿಂತಿತು.

ನಿನ್ನ ಮಾರ್ಕು ನಂಗೆ ಗೊತ್ತಿತ್ತಲ್ಲ. ವಾಪಸು ಬರುವಾಗ ಜಾಲ್ಸೂರಿನಲ್ಲಿ ಇಂಜಿನಿಗೆ ನೀರು ಹೊಯ್ಲಿಕ್ಕೆ ಬಸ್ಸು ನಿಲ್ಸಿದ್ರು. ಇಳಿದೆ. ನಿನ್ನ ಲಕೋಟೆಯನ್ನು ಹರಿದು ಚರಂಡಿಗೆ ಹಾಕಿದೆ. ಸೂತಕವೂ ಅಲ್ಲ, ಎಂತದೂ ಅಲ್ಲ. ಆಸೆ. ಹೊಟ್ಟೆಕಿಚ್ಚು.

ಬೈ ಮಾರಾಯ್ತಿ. ಒಂದು ಮಾತು ಬೈ. ಅಳುದಾದ್ರೂ ಅಳು, ನಾನೂ ಅಳ್ತೇನೆ. ನೀನು ಎಂತ... ಆಶ್ಚರ್ಯವೇ ಇಲ್ಲದವಳ ಹಾಗೆ...

ನಿಂಗೆ ಗೊತ್ತಿತ್ತಾ?

ಯಾವಾಗಿಂದ?... ಬೊಜ್ಜದ ದಿವಸವೇ ಗೊತ್ತಾಯ್ತಾ? ನಾನು ಎಲೆಯ ಎದುರು ಕೂತು, ಒಂದು ತುತ್ತೂ ತಿನ್ನದೆ, ನಿನ್ನ ಮುಖ ನೋಡದೆ ಎದ್ದು ಹೋದೆನಲ್ಲ... ಆಗಲೇ?

ಹಾಗಾದ್ರೆ ಈ ಮೂರು ದಿವಸ? ಎಲ್ಲಾ ಗೊತ್ತಿದ್ದೂ, ಬೆಳಗ್ಗೆ ಗುಡ್ಡೆ ದಾಟಿ ಬಂದು, ನನ್ನನ್ನು ನಿಲ್ಲಿಸಿ, ಒಂದೊಂದು ಮಾತೂ ತಿದ್ದಿ ತಿದ್ದಿ ಹೇಳಿಕೊಟ್ಟದ್ದು... ನಾನು ಎಂತ ತಿಳ್ಕೊಂಡೆ? ನನ್ನ ಮೇಲಿನ ಪ್ರೀತಿಗೆ ಅಂತ ತಿಳ್ಕೊಂಡೆ.

...

ನಂಗೋಸ್ಕರ ಅಲ್ಲ ಅಲ್ವಾ? ಆ ಮಕ್ಕಳಿಗೋಸ್ಕರ.